ಬದಿಯಲ್ಲಿ ಹಾದುಹೋದ ಹಳಿ

ಪ್ರಾಯ ಸಂದವರು ಆಟದ ರೈಲುಗಳನ್ನು ಇಟ್ಟುಕೊಂಡು ಕಾಲಕ್ಷೇಪ ಮಾಡುವುದನ್ನು ಕಂಡು ನಗುವವರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ, ಚಿತ್ರದುರ್ಗದಲ್ಲಿಯೂ ಇದ್ದಾರೆ. ಅವರ ನಗುವಿಗೆ ಉತ್ತರ ಕೊಡುವ ಗೋಜಿಗೆ ನಾವು ಹೋದವರಲ್ಲ. ನಮ್ಮದು ಹೆಸರಿಲ್ಲದ, ನೋಂದಣಿಯಿಲ್ಲದ, ಚಂದಾ ಪುಸ್ತಕವೊಂದನ್ನು ಬಿಟ್ಟರೆ ಬೇರಾವ ಕಾಗದಪತ್ರವೂ ಇಲ್ಲದ ಸಣ್ಣದೊಂದು ಕೂಟ. ದುರ್ಗದವರೇ ಕೆಲವರು, ಹೊಳಲ್ಕೆರೆಯ ಮೇಷ್ಟ್ರೊಬ್ಬರು, ಹೊಸದುರ್ಗದ ಕಡೆ ತೆಂಗಿನ ತೋಟವಿಟ್ಟುಕೊಂಡಿರುವ ಗೌಡರೊಬ್ಬರು, ಹಿರಿಯೂರಿನಲ್ಲಿ ಗಡಿಯಾರ ರಿಪೇರಿ ಮಾಡುವ ಸಾಹೇಬರೊಬ್ಬರು, ಇವರೆಲ್ಲರಿಗೂ ಹಿರಿಯರಾಗಿ ಚಿಕ್ಕಜಾಜೂರಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದು ನಿವೃತ್ತರಾದ ಯಜಮಾನರು, ಇಷ್ಟೇ ನಮ್ಮ ಸಂಸಾರ. ದುರ್ಗದ ಒಂದು ಮನೆಯ ಮಹಡಿಯಲ್ಲಿ ಉದ್ದನೆಯ ಹಲಗೆಗಳನ್ನು ಜೋಡಿಸಿ, ಥರ್ಮೋಕೋಲಿನ ಮೇಲೆ ಕಾಗದದ ಮುದ್ದೆಯನ್ನು ಮೆತ್ತಿ ಜೋಗಿಮಟ್ಟಿಯ ಸಾಲನ್ನು ಎಬ್ಬಿಸಿ, ಒಣಗಿದ ಬೇವಿನ ಕಡ್ಡಿಗಳಿಗೆ ಹಸಿರು ಪುಡಿಯನ್ನು ಹಚ್ಚಿ ಮರಗಳೆಂದು ನಿಲ್ಲಿಸಿ, ಅವುಗಳ ನಡುವೆ ಚಿಕ್ಕಜಾಜೂರಿನ ಜಂಕ್ಷನ್ನನ್ನು ಅದು ಮೀಟರ್‌ಗೇಜಿನ ಕಾಲದಲ್ಲಿ ಹೇಗಿದ್ದಿತೋ ಹಾಗೆ ಕಟ್ಟಬೇಕೆಂಬುದು ನಮ್ಮ ಸಂಕಲ್ಪ. ಸಂಕಲ್ಪವು ಹಳೆಯದು, ಕೆಲಸವು ಇನ್ನೂ ನಡೆಯುತ್ತಲೇ ಇದೆ.

ಈ ಹವ್ಯಾಸದ ಲೆಕ್ಕಾಚಾರವನ್ನು ತಿಳಿಯದವರಿಗೆ ಸ್ವಲ್ಪ ಹೇಳಬೇಕು. ಜಗತ್ತಿನಲ್ಲಿ ಅತ್ಯಂತ ಬಳಕೆಯಲ್ಲಿರತಕ್ಕದ್ದು ಎಚ್‌ಓ ಎಂಬ ಅಳತೆ. ಅದರಲ್ಲಿ ಮಾದರಿಯು ಮೂಲದ 87ನೆಯ ಒಂದು ಪಾಲಿನಷ್ಟಿರುತ್ತದೆ. ಆ ಅಳತೆಯ ಹಳಿಗಳ ನಡುವಣ ಅಂತರ 16.5 ಮಿಲಿಮೀಟರು. ಇದನ್ನು 87ರಿಂದ ಗುಣಿಸಿದರೆ ಬರುವುದು ಸುಮಾರು 1435 ಮಿಲಿಮೀಟರು, ಎಂದರೆ ಯೂರೋಪು ಅಮೆರಿಕಗಳ ಸಾಮಾನ್ಯ ಗೇಜು. ನಮ್ಮ ಬ್ರಾಡ್‌ಗೇಜು 1676 ಮಿಲಿಮೀಟರಿನದಾದಕಾರಣ ಅದಕ್ಕೆ 19ಕ್ಕೂ ಮಿಕ್ಕಿದ ಅಂತರ ಬೇಕು. ಅಂಥ ಹಳಿಯನ್ನು ಅಂಗಡಿಯಲ್ಲಿ ಮಾರುವವರಿಲ್ಲ. ಹೀಗಾಗಿ ಈ ದೇಶದ ಬಹುಮಂದಿ ಮಾದರಿಕಾರರ ಗಾಡಿಗಳು ಪರದೇಶದ ಪಾದುಕೆಗಳನ್ನು ತೊಟ್ಟೇ ಓಡುತ್ತವೆ. ಮೀಟರ್‌ಗೇಜಿನ ಭಾಗ್ಯ ಮೇಲು: 1000 ಮಿಲಿಮೀಟರನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ, ಮಾರುಕಟ್ಟೆಯಲ್ಲಿ 12 ಮಿಲಿಮೀಟರಿನ ಹಳಿಯೇ ದೊರಕುತ್ತದೆ. ಅರ್ಧ ಮಿಲಿಮೀಟರಿನ ಪಾಪವನ್ನು ಹೊಟ್ಟೆಗೆ ಹಾಕಿಕೊಂಡು ನಾವು ಆ ದಾರಿಯನ್ನು ಹಿಡಿದೆವು. ಪುಣೆಯ ಕೋಥ್ರೂಡಿನಲ್ಲಿ ಜೋಶಿಯವರು ಕಟ್ಟಿ 1998ರಲ್ಲಿ ಸಾರ್ವಜನಿಕರಿಗೆ ತೆರೆದ ಕಿರುರೈಲುಗಳ ಸಂಗ್ರಹಾಲಯವನ್ನು ಕಂಡು ಬಂದವರು ನಮ್ಮಲ್ಲಿಯೇ ಉಂಟು. ಅಲ್ಲಿನ ಅಚ್ಚುಕಟ್ಟನ್ನು ನೆನೆದರೆ ನಮ್ಮ ಜೋಗಿಮಟ್ಟಿಯು ನಾಚಿ ಕುಸಿಯುತ್ತದೆ.

ಕೆಲಸವು ನಿಂತದ್ದು ಒಂದು ಸಣ್ಣ ವಿಷಯಕ್ಕೆ. ಒಂಟಿ ಹಳಿಯಲ್ಲಿ ಗಾಡಿಗೆ ಅಪ್ಪಣೆ ನೀಡುವ, ಸ್ಟೇಷನ್ ಮಾಸ್ತರರ ಕೋಣೆಯೊಳಗಣ ಟೋಕನ್ ಯಂತ್ರದ ಆಕಾರವನ್ನು ಕುರಿತು ಮೇಷ್ಟ್ರಿಗೂ ಯಜಮಾನರಿಗೂ ಭಿನ್ನಾಭಿಪ್ರಾಯ ಹುಟ್ಟಿ, ಯಾರೂ ಸೋಲಲೊಪ್ಪದಿರಲು, "ಹುಬ್ಬಳ್ಳಿಗೆ ಹೋಗಿ ನೋಡ್ಕಂಡೇ ಬರೋಣ ನಡೀರಿ, ಇಲ್ಲಿ ಕುಂತು ಎಷ್ಟು ದಿನ ಜಗಳ ಆಡೋದು" ಎಂದು ಗೌಡರು ತೀರ್ಪಿತ್ತರು. ನಮ್ಮ ಜಿಲ್ಲೆಯಲ್ಲಿ ರೈಲ್ವೆ ಸಂಗ್ರಹಾಲಯವಿಲ್ಲ. ಮೈಸೂರಿನದು 1979ರಲ್ಲಿ ಆರಂಭವಾದದ್ದು, ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯದ ಬೆನ್ನಿಗೇ ಬಂದದ್ದು. ಅದನ್ನು ನಮ್ಮಲ್ಲಿ ನೋಡದವರಿಲ್ಲ. ಹುಬ್ಬಳ್ಳಿಯ ಗದಗ ರಸ್ತೆಯಲ್ಲಿರುವುದು 2020ರಲ್ಲಿ ತೆರೆದದ್ದು, ನಮಗೆ ಸಮೀಪದ್ದು, ಒಂದು ಹಗಲಿನಲ್ಲಿ ಹೋಗಿ ಬರಬಹುದಾದದ್ದು.

ಹೊರಡುವ ದಿನವನ್ನು ಗೊತ್ತುಮಾಡುವುದು ಸುಲಭವಾಯಿತು, ಒಂದೆಡೆ ಸೇರುವುದು ಸುಲಭವಾಗಲಿಲ್ಲ. ಆ ತೊಡಕಿನಲ್ಲಿಯೇ ನಮ್ಮ ಸೀಮೆಯ ರೈಲಿನ ಚರಿತ್ರೆಯೆಲ್ಲ ಅಡಗಿರುವುದರಿಂದ ಅದನ್ನು ಸಾವಕಾಶವಾಗಿ ಹೇಳುವೆನು. ಹಿರಿಯೂರಿಗೆ ರೈಲಿಲ್ಲವಾದುದರಿಂದ ಸಾಹೇಬರು ಹಿಂದಿನ ಸಂಜೆಯೇ ಬಸ್ಸಿನಲ್ಲಿ ದುರ್ಗಕ್ಕೆ ಬಂದು ನಮ್ಮಲ್ಲಿ ಉಳಿದುಕೊಂಡರು. ದುರ್ಗದಲ್ಲಿ ರೈಲುಂಟು, ಆದರೆ ಅದು ಕವಲು ದಾರಿ, ನಮಗೆ ಬೇಕಾದ ಹೊತ್ತಿಗೆ ಗಾಡಿಯಿಲ್ಲ, ಆದಕಾರಣ ನಸುಕಿನಲ್ಲಿ ಕಾರೊಂದನ್ನು ಗೊತ್ತುಮಾಡಿಕೊಂಡು, ಗಾಳಿಯಂತ್ರಗಳ ಸಾಲನ್ನು ಬೆನ್ನ ಹಿಂದೆ ಬಿಟ್ಟು ಚಿಕ್ಕಜಾಜೂರಿಗೆ ನಡೆದೆವು. ಹೊಸದುರ್ಗದ ಗೌಡರಾದರೋ, ಊರಿನ ಹೆಸರನ್ನು ಹೊತ್ತೂ ಊರಿನಿಂದ ಹರದಾರಿಗಟ್ಟಲೆ ದೂರದಲ್ಲಿ ನಿಂತಿರುವ ಹೊಸದುರ್ಗ ರೋಡ್ ಸ್ಟೇಷನ್ನಿಗೆ ಮೋಟಾರು ಸೈಕಲ್ಲಿನಲ್ಲಿ ಬಂದು, ಅಜ್ಜಂಪುರ, ಶಿವನಿಗಳ ಕಡೆಯಿಂದ ಬರುವ ಗಾಡಿಯನ್ನು ಹಿಡಿದರು. ರಾಮಗಿರಿಯನ್ನು ದಾಟಿ ಬಂದ ಅದೇ ಗಾಡಿಗೆ ಹೊಳಲ್ಕೆರೆಯಲ್ಲಿ ಮೇಷ್ಟ್ರು ಹತ್ತಿದರು. ಬಯಲು ಗಣಪತಿಗೆ ನಮಸ್ಕಾರ ಮಾಡಿ ಹೊರಟೆನೆಂದು ಅವರು ಹೇಳಿಕೊಂಡರೂ, ಆ ಹೊತ್ತಿನಲ್ಲಿ ಗಣಪತಿಯೂ ಎದ್ದಿರಲಾರನೆಂಬುದು ಗೌಡರ ಅಭಿಪ್ರಾಯವಾಗಿತ್ತು.

ಚಿಕ್ಕಜಾಜೂರಿನ ಪ್ಲಾಟ್‌ಫಾರಂ ಮೇಲೆ ಯಜಮಾನರು ನಮಗಾಗಿ ಕಾದಿದ್ದರು. ಇಸ್ತ್ರಿಯ ಬಿಳಿಯ ಅಂಗಿ, ಪಂಚೆ, ಹೆಗಲಿಗೆ ವಲ್ಲಿ. ಕೈಯಲ್ಲಿ ಬುತ್ತಿಯ ಡಬ್ಬ. ಗಾಡಿಗೆ ಇನ್ನೂ ಹೊತ್ತಿದ್ದುದರಿಂದ ಅವರು ನಮ್ಮನ್ನು ಪ್ಲಾಟ್‌ಫಾರಮಿನ ತುದಿಗೆ ಕರೆದೊಯ್ದು, ಇಂಥಲ್ಲಿ ಕೈಮರದ ಸಿಗ್ನಲ್ಲು ಇದ್ದಿತು, ಸಂಜೆಯಾದೊಡನೆ ಸೀಮೆಎಣ್ಣೆಯ ದೀಪವನ್ನು ಹಿಡಿದುಕೊಂಡು ಆ ಏಣಿಯನ್ನು ಹತ್ತುತ್ತಿದ್ದೆವು, ಮಳೆಗಾಳಿಯಲ್ಲಿ ದೀಪವಾರಿದರೆ ಮತ್ತೆ ಹತ್ತುತ್ತಿದ್ದೆವು, ಎಂದು ಬರಿಯ ಆಕಾಶವನ್ನು ತೋರಿಸುತ್ತ ಹೇಳತೊಡಗಿದರು. ಆ ಆಕಾಶದಲ್ಲೀಗ ವಿದ್ಯುತ್ತಿನ ತಂತಿಗಳಿವೆ. ಮೀಟರ್‌ಗೇಜಿನ ಹಳಿಗಳು 1990ರ ದಶಕದಲ್ಲಿ ಎದ್ದುಹೋದವು. ಮುಖ್ಯ ಮಾರ್ಗವೂ ಬ್ರಾಡ್‌ಗೇಜಾಯಿತು, ಕವಲೂ ಬ್ರಾಡ್‌ಗೇಜಾಯಿತು, ಚಿತ್ರದುರ್ಗದಲ್ಲಿ ಮುಗಿದುಹೋಗುತ್ತಿದ್ದ ಆ ಕವಲು ಚಳ್ಳಕೆರೆ ಮೊಳಕಾಲ್ಮೂರುಗಳ ಮೇಲೆ ರಾಯದುರ್ಗದವರೆಗೆ ಬೆಳೆದು ಬಳ್ಳಾರಿಯ ಸಂಬಂಧವನ್ನೂ ಮಾಡಿಕೊಂಡಿತು.

ನಮ್ಮ ಸೀಮೆಗೆ ಹಳಿ ಬಂದ ಕಾರಣವನ್ನು ನೆನೆಯುವಾಗ ಸಂಭ್ರಮಕ್ಕಿಂತ ಮೊದಲು ಬರವೇ ಕಣ್ಣಿಗೆ ಬರುತ್ತದೆ. ಧಾತು ಈಶ್ವರ ಸಂವತ್ಸರಗಳ ಆ ಮಹಾಕ್ಷಾಮ, ಎಂದರೆ 1876ರಿಂದ 1878ರ ವರೆಗಿನದು, ಮೈಸೂರು ಸೀಮೆಯನ್ನು ಹಣ್ಣುಮಾಡಿದ ಕಾಲದಲ್ಲಿ, ಸೀಮೆಯೊಳಗೆ ಇದ್ದದ್ದು ಜೋಲಾರಪೇಟೆಯಿಂದ ಬೆಂಗಳೂರಿನ ದಂಡಿಗೆ 1864ರಲ್ಲಿ ಬಂದ ಒಂದೇ ರೈಲುಮಾರ್ಗ. ಮದರಾಸಿನ ಕಡೆಯಿಂದ ಧಾನ್ಯವು ಬೆಂಗಳೂರಿನವರೆಗೆ ಹಳಿಯ ಮೇಲೆ ಬಂದರೂ ಅದರಾಚೆಗೆ ಎತ್ತಿನ ಗಾಡಿಯೇ ಗತಿಯಾಗಿತ್ತು, ಮೇವು ನೀರಿಲ್ಲದೆ ಎತ್ತುಗಳು ದಾರಿಯಲ್ಲಿ ಬೀಳುತ್ತಿದ್ದವು. ದಾಸ್ತಾನಿನಲ್ಲಿ ಧಾನ್ಯವಿದ್ದೂ ಹಳ್ಳಿಯಲ್ಲಿ ಅನ್ನವಿಲ್ಲದ ಆ ವಿಪರೀತವನ್ನು ಕಂಡ ಮೇಲೆಯೇ ಈ ಭಾಗದ ಮಾರ್ಗಗಳಿಗೆ ಚಾಲನೆ ದೊರೆತದ್ದು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿಯು ಹುಟ್ಟಿತು. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ಗಾಡಿ ಓಡಿತು. ಗುಬ್ಬಿಯಿಂದಾಚೆ ಹರಿಹರದವರೆಗಿನ ಮಾರ್ಗವು 1889ರಲ್ಲಿ ಕೂಡಿಕೊಂಡಿತು.

ಆದರೆ ಆ ಹಳಿಯು ಹೋದ ದಾರಿಯನ್ನು ನೋಡಿರಿ. ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯು ಸಿರಾ, ಹಿರಿಯೂರು, ಚಿತ್ರದುರ್ಗಗಳ ಮೇಲೆ ನೆಟ್ಟಗೆ ಹೋಗುತ್ತದೆ. ರೈಲಾದರೋ ಪಶ್ಚಿಮಕ್ಕೆ ಬಾಗಿ, ತಿಪಟೂರು, ಅರಸೀಕೆರೆ, ಕಡೂರು, ಬೀರೂರುಗಳನ್ನು ಮುಟ್ಟಿ, ತೆಂಗು ಅಡಿಕೆ ಕಾಫಿಗಳ ಸೀಮೆಯ ಅಂಚನ್ನು ಸವರಿಕೊಂಡು, ದುರ್ಗ ಜಿಲ್ಲೆಯ ಪಶ್ಚಿಮದ ಮೂಲೆಯನ್ನು ಮಾತ್ರ ಹಾದು ದಾವಣಗೆರೆಗೆ ಹೋಯಿತು. ಹೊಳಲ್ಕೆರೆ ಬಾಗಿಲಲ್ಲಿ ರೈಲನ್ನು ಕಂಡಿತು. ಹೊಸದುರ್ಗಕ್ಕೆ ಹೆಸರು ಸಿಕ್ಕಿತು, ರೈಲು ಸಿಗಲಿಲ್ಲ. ಜಿಲ್ಲೆಯ ಮುಖ್ಯಪಟ್ಟಣವಾದ ಚಿತ್ರದುರ್ಗವು ಮತ್ತೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಾದು 1921ರಲ್ಲಿ ಚಿಕ್ಕಜಾಜೂರಿನ ಕವಲನ್ನು ಪಡೆಯಿತು. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1907ರಲ್ಲಿಯೇ ಕಟ್ಟೆಯನ್ನು ಕಟ್ಟಿ ಮುಗಿಸಿದ ಹಿರಿಯೂರಿನ ನೆಲಕ್ಕೆ ನೀರು ಬಂದಿತು, ಹಳಿ ಬರಲಿಲ್ಲ. ಮಳೆ ಕಡಮೆಯಾದ ಸೀಮೆಯನ್ನು ಬರದಿಂದ ಕಾಯಲೆಂದು ಹುಟ್ಟಿದ ಮಾರ್ಗವು ಬರದ ಊರುಗಳನ್ನೇ ಬದಿಗಿರಿಸಿ ನಡೆದದ್ದನ್ನು ಯೋಜಕರ ಕ್ರೌರ್ಯವೆಂದು ನಾನು ಹೇಳುವುದಿಲ್ಲ. ಸರಕು ಹೆಚ್ಚಾಗಿರುವ ಕಡೆ ಹಳಿ ವಾಲುವುದು ಲೋಕರೂಢಿ. ಆದರೂ ದುರ್ಗದವನಿಗೆ ರೈಲೆಂದೊಡನೆ ಎಂಜಿನ್ನಿನ ಕೂಗಿಗಿಂತ ಮುಂಚೆ ಸ್ಟೇಷನ್ನಿಗೆ ಹೋಗಿ ಮುಟ್ಟುವ ದಾರಿ ನೆನಪಾಗುತ್ತಿತ್ತು.

ಗಾಡಿಯಲ್ಲಿ ಎಲ್ಲರೂ ಕೂಡಿದೆವು. ದಾವಣಗೆರೆಯನ್ನು ದಾಟಿ ಹರಿಹರದ ಬಳಿ ತುಂಗಭದ್ರೆಯ ಸೇತುವೆಯ ಮೇಲೆ ಗಾಲಿಗಳ ಸದ್ದು ಬದಲಾದಾಗ ಯಜಮಾನರು ಕಿಟಕಿಯ ಕಡೆ ಬಾಗಿ ಹೊಳೆಗೆ ಕೈಮುಗಿದರು. ಮೈಸೂರು ಸಂಸ್ಥಾನದ ಸರಹದ್ದು ಈ ಹೊಳೆಯೇ ಆಗಿತ್ತೆಂಬುದನ್ನು ಮೇಷ್ಟ್ರು ನೆನಪಿಸಿದರು. ಗೌಡರು ಬುತ್ತಿಯನ್ನು ಬಿಚ್ಚಿದರು. ರಾಣೆಬೆನ್ನೂರು ಹಾವೇರಿಗಳ ವಿಷಯ ನನಗೆ ಹೆಚ್ಚು ನೆನಪಿಲ್ಲದಿರುವುದಕ್ಕೆ ಅವರ ಮನೆಯ ಜೋಳದ ರೊಟ್ಟಿ, ಶೇಂಗಾ ಚಟ್ನಿಗಳೇ ಕಾರಣವೆಂದು ಓದುಗರು ತಿಳಿಯಬೇಕು.

ಹುಬ್ಬಳ್ಳಿಯಲ್ಲಿ ಇಳಿದೊಡನೆ ಕಣ್ಣಿಗೆ ಬೀಳುವುದು ಸಿದ್ಧಾರೂಢ ಸ್ವಾಮಿಗಳ ಹೆಸರಿನ ಆ ನಿಲ್ದಾಣದ ಪ್ಲಾಟ್‌ಫಾರಮಿನ ಮುಗಿಯದ ಉದ್ದ. 1507 ಮೀಟರು, ಪ್ರಪಂಚದಲ್ಲಿಯೇ ಇದಕ್ಕಿಂತ ಉದ್ದನೆಯದಿಲ್ಲವೆಂದು 2023ರಲ್ಲಿ ಅದನ್ನು ಉದ್ಘಾಟಿಸಿದಾಗ ಪತ್ರಿಕೆಗಳೆಲ್ಲ ಬರೆದವು. ನಾವು ನಡೆಯುತ್ತ ನಡೆಯುತ್ತ 87ರಿಂದ ಭಾಗಿಸಿದೆವು: ಹದಿನೇಳು ಮೀಟರು ಮತ್ತು ಚಿಲ್ಲರೆ. "ನಮ್ಮ ಮಹಡಿ ಒಡೆದು ಪಕ್ಕದ ಮನೆಗೂ ನುಗ್ಬೇಕಾಗ್ತದಲ್ಲ ಮೇಷ್ಟ್ರೇ" ಎಂದರು ಸಾಹೇಬರು.

ಸಂಗ್ರಹಾಲಯವು ಶತಮಾನ ಕಂಡ ರೈಲ್ವೆಯ ಎರಡು ಹಳೆಯ ಬಿಡಾರಗಳಲ್ಲಿ ಇದೆ. ಒಂದಕ್ಕೆ ಮಲಪ್ರಭಾ, ಇನ್ನೊಂದಕ್ಕೆ ಘಟಪ್ರಭಾ ಎಂದು ಹೆಸರು. ಅಂಗಳದಲ್ಲಿ ಚಿಕ್ಕ ಗೇಜಿನ ಎಂಜಿನ್ನು, ಮಕ್ಕಳನ್ನು ಸುತ್ತಾಡಿಸುವ ಆಟದ ರೈಲು. ಮೈಸೂರಿನ ಸಂಗ್ರಹಾಲಯದೊಡನೆ ಇದನ್ನು ಹೋಲಿಸದಿರುವುದು ಕಷ್ಟ. ಅಲ್ಲಿ ಮನಸ್ಸನ್ನು ಸೆಳೆಯುವುದು 1899ರಲ್ಲಿ ಕಟ್ಟಿದ ಮಹಾರಾಣಿಯವರ ಸಲೂನು, ಅದರ ಊಟದ ಮನೆ, ಅಡಿಗೆಮನೆ, ಹಳಿಯ ಮೇಲೆ ಓಡುವಂತೆ ಮಾರ್ಪಡಿಸಿದ ಆಸ್ಟಿನ್ ಮೋಟಾರು; ಸಿಂಹಾಸನದ ನೆರಳು ಅಲ್ಲಿ ದೂರವಾಗಿಲ್ಲ. ಹುಬ್ಬಳ್ಳಿಯದು ಕಾರ್ಖಾನೆಯ ಊರು. 1880ರ ದಶಕದಲ್ಲಿ ಸದರ್ನ್ ಮರಾಠಾ ಕಂಪನಿಯು ಅಲ್ಲಿ ರಿಪೇರಿ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ತಲೆಮಾರುಗಳ ಮನೆಗಳು ಅದರ ಸೈರನ್ನಿಗೆ ಏಳುತ್ತ ಬಂದಿವೆ. ಅದಕ್ಕೆ ತಕ್ಕಂತೆ ಇಲ್ಲಿನ ಕೋಣೆಗಳಲ್ಲಿ ಕೆಲಸಗಾರರ ಕೈ ಕಾಣುತ್ತದೆ: ದೀಪಗಳು, ಗಡಿಯಾರಗಳು, ಟಿಕೆಟ್ಟಿನ ಸಾಮಗ್ರಿ, ಸಂಜ್ಞೆಯ ಉಪಕರಣಗಳು. ನನ್ನ ಒಲವು ಈ ಎರಡನೆಯದರ ಕಡೆಗೇ ಎಂಬುದನ್ನು ಮುಚ್ಚಿಡಲಾರೆ. ಮಹಾರಾಣಿಯವರ ಸಲೂನು ಒಂದೇ ಒಂದು. ಕಂದೀಲನ್ನು ಹಿಡಿದು ಹಳಿಯ ಪಕ್ಕದಲ್ಲಿ ನಿಂತವರು ಸಾವಿರಾರು ಮಂದಿ.

ನಮ್ಮ ಸಾಹೇಬರು ಗಡಿಯಾರಗಳ ಮುಂದೆಯೇ ಬಹಳ ಹೊತ್ತು ನಿಂತುಬಿಟ್ಟರು. ಮಿಕ್ಕವರು ಸೇರಿದ್ದು ಗಟ್ಟಿ ಕಾಗದದ ಹಳೆಯ ಟಿಕೆಟ್ಟುಗಳ ಬಳಿ. ಇಂಗ್ಲೆಂಡಿನ ಥಾಮಸ್ ಎಡ್ಮಂಡ್‌ಸನ್ ಎಂಬವನು ಸುಮಾರು 1840ರ ವೇಳೆಗೆ ಬಳಕೆಗೆ ತಂದ ಈ ಪುಟ್ಟ ಚೀಟಿಯು ಎರಡೂಕಾಲು ಅಂಗುಲ ಉದ್ದ, ಅಂಗುಲಕ್ಕೆ ಸ್ವಲ್ಪ ಮಿಕ್ಕ ಅಗಲ. ಹೊರಡುವ ಊರು, ಸೇರುವ ಊರು, ದರ್ಜೆ, ದರ, ಕ್ರಮಸಂಖ್ಯೆ, ಇವಿಷ್ಟನ್ನೂ ಮೊದಲೇ ಮುದ್ರಿಸಿ, ಊರೂರಿನ ಟಿಕೆಟ್ಟಿಗೆ ಒಂದೊಂದು ಗೂಡಿರುವ ಮರದ ಬೀರುವಿನಲ್ಲಿ ಪೇರಿಸಿಟ್ಟಿರುತ್ತಿದ್ದರು. ಕೇಳಿದವನಿಗೆ ತಳದಿಂದ ಒಂದನ್ನು ಎಳೆದು, ಕಬ್ಬಿಣದ ಸಣ್ಣ ಯಂತ್ರದಲ್ಲಿ ತೂರಿಸಿ ಟಕ್ಕೆಂದು ತಾರೀಕನ್ನು ಒತ್ತಿ ಕೊಡುತ್ತಿದ್ದರು. ಸಂಜೆ ಲೆಕ್ಕ ನೋಡಬೇಕಾದರೆ ಗೂಡಿನ ಕೆಳಗಣ ಟಿಕೆಟ್ಟಿನ ಸಂಖ್ಯೆಯಿಂದ ಬೆಳಗಿನ ಸಂಖ್ಯೆಯನ್ನು ಕಳೆದರೆ ಮುಗಿಯಿತು. ಮೋಸಕ್ಕೆ ಎಡೆಯಿಲ್ಲದಂತೆ ಬುದ್ಧಿಯನ್ನು ಇಷ್ಟು ಸಣ್ಣ ಕಾಗದದಲ್ಲಿ ಹುದುಗಿಸಿದ ಇನ್ನೊಂದು ಉಪಾಯವನ್ನು ನಾನು ಕಂಡಿಲ್ಲ.

ಟೋಕನ್ ಯಂತ್ರದ ಬಳಿಗೆ ಬಂದಾಗ ಯಜಮಾನರು ವಲ್ಲಿಯನ್ನು ಕೊಡವಿ ಹೆಗಲ ಮೇಲೆ ಸರಿಮಾಡಿಕೊಂಡರು. ಕಬ್ಬಿಣದ ಎತ್ತರದ ಪೆಟ್ಟಿಗೆ, ಅದರ ಮೈಮೇಲೆ ಗಂಟೆ, ಹಿಡಿ, ಮುಳ್ಳು. ಒಳಗೆ ಅಂಗೈಯಲ್ಲಿ ಹಿಡಿಯಬಹುದಾದ ಕಬ್ಬಿಣದ ಗುಂಡುಗಳು. ಒಂಟಿ ಹಳಿಯ ಮಾರ್ಗದಲ್ಲಿ ಎರಡು ಸ್ಟೇಷನ್ನುಗಳ ನಡುವೆ ಏಕಕಾಲದಲ್ಲಿ ಎರಡು ಗಾಡಿಗಳು ಇರಕೂಡದಷ್ಟೆ; ಹೊಳಲ್ಕೆರೆಯಲ್ಲಿ ಒಂದು ಪೆಟ್ಟಿಗೆ, ಚಿಕ್ಕಜಾಜೂರಿನಲ್ಲಿ ಅದರ ಜೋಡಿ, ಎರಡಕ್ಕೂ ತಂತಿಯ ಸಂಬಂಧ. ಆ ಕಡೆಯವರು ಗಂಟೆಯ ಸಂಜ್ಞೆಯಿಂದ ಒಪ್ಪಿಗೆಯಿತ್ತು ತಮ್ಮ ಹಿಡಿಯನ್ನು ತಿರುಗಿಸಿದಲ್ಲದೆ ಈ ಕಡೆಯ ಪೆಟ್ಟಿಗೆಯು ಗುಂಡನ್ನು ಉಗುಳದು. ಒಂದು ಗುಂಡು ಹೊರಗಿರುವ ತನಕ ಎರಡು ಪೆಟ್ಟಿಗೆಗಳಲ್ಲಿ ಯಾವುದೂ ಇನ್ನೊಂದನ್ನು ಕೊಡದು. ಹೊರಬಂದ ಗುಂಡನ್ನು ತೊಗಲಿನ ಚೀಲದಲ್ಲಿಟ್ಟು, ಚೀಲವನ್ನು ಬೆತ್ತದ ದೊಡ್ಡ ಬಳೆಗೆ ಕಟ್ಟಿ, ನಿಲ್ಲದೆ ಹೋಗುವ ಗಾಡಿಗೆ ಎತ್ತಿ ಹಿಡಿಯಬೇಕು. ಎಂಜಿನ್ನಿನಲ್ಲಿರುವವನು ತೋಳನ್ನು ಚಾಚಿ ಬಳೆಯೊಳಗೆ ತೂರಿಸಿ ಎಳೆದುಕೊಳ್ಳುತ್ತಾನೆ, ಹಿಂದಿನ ವಿಭಾಗದ ಬಳೆಯನ್ನು ಬಿಸಾಡುತ್ತಾನೆ.

"ಗಾಡಿ ಬರೋವಾಗ ಮುಖ ತಿರುಗಿಸ್ಬಾರ್ದು, ಕಣ್ಣು ಮುಚ್ಬಾರ್ದು. ಬಳೆ ಕೈ ಬಿಟ್ಟೋಗೋ ಆ ಗಳಿಗೆಲಿ ಎಳೀತದೆ ನೋಡಿ, ಆಗ ಕಾಲು ಗಟ್ಟಿ ಇರ್ಬೇಕು," ಎನ್ನುತ್ತ ಯಜಮಾನರು ಆ ಕೋಣೆಯ ನಡುವೆಯೇ ಬಲಗಾಲನ್ನು ಹಿಂದಿಟ್ಟು, ಮೊಣಕೈಯನ್ನು ತುಸು ಮಡಿಸಿ, ಬಲಗೈಯನ್ನು ಮೇಲೆತ್ತಿ ನಿಂತರು. ಶಾಲೆಯ ಮಕ್ಕಳ ಗುಂಪೊಂದು ಅಲ್ಲಿಗೆ ಬಂದದ್ದು ಅವರನ್ನು ನೋಡಿ ನಿಂತುಬಿಟ್ಟಿತು. ಒಬ್ಬ ಹುಡುಗ, "ಅಜ್ಜಾ, ರಾತ್ರಿ ಹೆಂಗ್ ಕಾಣ್ತಿತ್ತು?" ಎಂದು ಕೇಳಿದನು. "ಪಂಜು ಹಚ್ಕೊಂಡು ಹಿಡೀತಿದ್ವಿ ಮಗಾ" ಎಂದರು. ಮೇಷ್ಟ್ರು ತಮ್ಮ ನಕ್ಷೆಯನ್ನು ಜೇಬಿನಿಂದ ತೆಗೆದು, ಯಂತ್ರವನ್ನೂ ನಕ್ಷೆಯನ್ನೂ ಒಮ್ಮೆ ನೋಡಿ, ಏನನ್ನೂ ಆಡದೆ ಮತ್ತೆ ಜೇಬಿಗಿಟ್ಟುಕೊಂಡರು. ವ್ಯಾಜ್ಯವು ಇತ್ಯರ್ಥವಾಯಿತೆಂದು ನಾವೆಲ್ಲರೂ ತಿಳಿದೆವು.

ಹಿಂದಿರುಗುವ ಗಾಡಿಯಲ್ಲಿ ಮಾತು ಹಲಗೆಯ ಕಡೆಗೆ ಹೊರಳಿತು. ನಮ್ಮ ಮಾದರಿಯ ಅಳತೆಯಲ್ಲಿ ಒಂದು ಕಿಲೋಮೀಟರು ಹನ್ನೊಂದೂವರೆ ಮೀಟರಾಗುತ್ತದೆ. ಚಿಕ್ಕಜಾಜೂರಿನಿಂದ ದುರ್ಗಕ್ಕೆ ಮೂವತ್ತು ಕಿಲೋಮೀಟರಿಗೂ ಮಿಕ್ಕಿದ ಹಾದಿ. ಅದನ್ನು ಪ್ರಾಮಾಣಿಕವಾಗಿ ಕಟ್ಟಹೋದರೆ 340 ಮೀಟರಿಗೂ ಉದ್ದನೆಯ ಕೋಣೆ ಬೇಕು. ಆದಕಾರಣ ಲೋಕದ ಮಾದರಿಕಾರರೆಲ್ಲರೂ ಎಂಜಿನ್ನಿನ ತಿರುಪುಮೊಳೆಯನ್ನು ಕೂಡ ಅಳತೆಗೆ ತಕ್ಕಂತೆ ಮಾಡುತ್ತಾರೆ, ದೂರವನ್ನು ಮಾತ್ರ ನಿಸ್ಸಂಕೋಚವಾಗಿ ನುಂಗಿಬಿಡುತ್ತಾರೆ. ಸ್ಟೇಷನ್ನಿನ ಪಕ್ಕದಲ್ಲಿಯೇ ಪೇಟೆ, ಪೇಟೆಯ ಪಕ್ಕದಲ್ಲಿಯೇ ಗುಡಿ, ಗುಡಿಯ ಹಿಂದೆಯೇ ಇನ್ನೊಂದು ಸ್ಟೇಷನ್ನು. ಸಂಗ್ರಹಾಲಯಗಳೂ ಈ ದೋಷದಿಂದ ಪಾರಾಗಲಾರವು. ಗುಂಡು, ಬಳೆ, ಟಿಕೆಟ್ಟು, ಸಲೂನುಗಳನ್ನು ಗಾಜಿನ ಹಿಂದೆ ಇಡಬಹುದು. ಹೊಸದುರ್ಗದಿಂದ ಹೊಸದುರ್ಗ ರೋಡಿನವರೆಗಿನ ಗಾಡಿಯ ಜಾಡನ್ನು ಯಾವ ಕೋಣೆಯಲ್ಲಿ ಇಡುವುದು? ಕೊಬ್ಬರಿಯ ಮೂಟೆಗಳ ಮೇಲೆ ಮಲಗಿ, ರಾತ್ರಿಯೆಲ್ಲ ಎತ್ತುಗಳ ಕೊರಳ ಗಂಟೆಯನ್ನು ಕೇಳುತ್ತ ಬೆಳಗಿನ ಗಾಡಿಗೆ ಬಂದು ಸೇರುತ್ತಿದ್ದ ತಮ್ಮ ತಾತನ ಮಾತನ್ನು ಗೌಡರು ಹೇಳಿದಾಗ, ರೈಲಿನ ಪ್ರಯಾಣಕ್ಕಿಂತ ರೈಲಿನವರೆಗಿನ ಪ್ರಯಾಣವೇ ನಮ್ಮ ಸೀಮೆಯ ನಿಜವಾದ ರೈಲ್ವೆ ಚರಿತ್ರೆಯೆಂದು ನನಗೆ ತೋರಿತು. ಅಳತೆಯು ಕೆಟ್ಟರೂ ಕೆಡಲಿ, ಹಲಗೆಯ ದಕ್ಷಿಣದ ಅಂಚಿನಲ್ಲಿ ಹೊಸದುರ್ಗ ರೋಡ್ ಸ್ಟೇಷನ್ನನ್ನು ಒಂಟಿಯಾಗಿ ನಿಲ್ಲಿಸಿ, ಅಲ್ಲಿಂದ ಒಂದು ಗಾಡಿಜಾಡನ್ನು ಮನೆಯಿಲ್ಲದ ಬಯಲಿನ ಮೇಲೆ ಹಲಗೆಯ ಕೊನೆಯವರೆಗೂ ಎಳೆಯುವುದೆಂದು ಅಲ್ಲಿಯೇ ನಿರ್ಧಾರವಾಯಿತು.

"ಅದ್ಸರಿ, ಹಿರಿಯೂರು?" ಎಂದರು ಸಾಹೇಬರು.

ಅವರ ಪ್ರಶ್ನೆಗೆ ಉತ್ತರವು ಈಗ ನೆಲದ ಮೇಲೆಯೇ ಸಿದ್ಧವಾಗುತ್ತಿದೆ. ತುಮಕೂರಿನಿಂದ ಸಿರಾ, ಹಿರಿಯೂರು, ಚಿತ್ರದುರ್ಗಗಳ ಮೇಲೆ ದಾವಣಗೆರೆಗೆ ಹೋಗುವ ಸುಮಾರು 191 ಕಿಲೋಮೀಟರಿನ ನೇರ ಮಾರ್ಗವು 2011-12ರಲ್ಲಿ ಮಂಜೂರಾಗಿ, ಭೂಸ್ವಾಧೀನದ ತೊಡಕುಗಳಲ್ಲಿ ತೆವಳುತ್ತ ಬಂದು, ಹಲವೆಡೆಗಳಲ್ಲಿ ಮಣ್ಣಿನ ದಿಣ್ಣೆಯಾಗಿ ಎದ್ದಿದೆ. ಅದು ಮುಗಿದಂದು ಹೆದ್ದಾರಿಯ ಜೊತೆಯಲ್ಲಿಯೇ ಹಳಿಯೂ ಓಡುವುದು. 1889ರಲ್ಲಿ ಬದಿಗೆ ಸರಿದ ರೇಖೆಯು ನೆಟ್ಟಗಾಗುವುದು. ಸಾಹೇಬರು ಅದಕ್ಕಾಗಿ ಹಲಗೆಯ ಪೂರ್ವಭಾಗದಲ್ಲಿ ಜಾಗವನ್ನು ಕಾದಿರಿಸಬೇಕೆಂದು ಹಟಹಿಡಿದಿದ್ದಾರೆ. ಮೀಟರ್‌ಗೇಜಿನ ಕಾಲದ ಮಾದರಿಯಲ್ಲಿ ಇನ್ನೂ ಹುಟ್ಟದ ಬ್ರಾಡ್‌ಗೇಜು ಹೇಗೆ ಬರಬೇಕೆಂಬ ಮೇಷ್ಟ್ರ ಆಕ್ಷೇಪಣೆಯು ಮುಂದಿನ ಸಭೆಯವರೆಗೆ ಹಾಗೆಯೇ ನಿಂತಿದೆ.

ಕೋಟೆಯ ಕಾಲದ ವಸ್ತುಗಳಿಗೆ ದುರ್ಗದ ರಂಗಯ್ಯನ ಬಾಗಿಲಿನ ಬಳಿ ಸರಕಾರದ ವಸ್ತುಸಂಗ್ರಹಾಲಯವುಂಟು. ರೈಲಿನ ಕಾಲದ ವಸ್ತುಗಳಿಗೆ ಜಿಲ್ಲೆಯಲ್ಲಿ ಒಂದು ಕೋಣೆಯೂ ಇಲ್ಲ. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಅಂಥದೊಂದು ಕೋಣೆಯನ್ನು ರೈಲ್ವೆಯವರು ಕೊಡುವುದಾದರೆ ತುಂಬಿಸುವ ಹೊಣೆಯನ್ನು ಈ ಸೀಮೆಯವರು ಹೊರಬಲ್ಲರು. ಹೊಳಲ್ಕೆರೆ, ಹೊಸದುರ್ಗಗಳ ಹಳೆಯ ಮಂಡಿಗಳ ಅಟ್ಟದಲ್ಲಿ ಸರಕಿನ ರಸೀದಿಗಳು, ನಿವೃತ್ತ ನೌಕರರ ಮನೆಗಳಲ್ಲಿ ಕಂದೀಲು, ಬಾವುಟ, ಹಿತ್ತಾಳೆಯ ಗುಂಡಿಗಳು ಇನ್ನೂ ಇದ್ದಾವು. ಅವನ್ನು ಗುಜರಿಯವನಿಗೆ ಹಾಕಬೇಡಿರಿ. ಅವುಗಳಿಗಿಂತ ಮೊದಲು, ಎತ್ತಿನ ಗಾಡಿಯಲ್ಲಿ ಸ್ಟೇಷನ್ನಿಗೆ ಹೋಗಿದ್ದ ಹಿರಿಯರು ಮನೆಯಲ್ಲಿ ಇನ್ನೂ ಇರುವುದಾದರೆ, ಯಾವ ಹಳ್ಳದಲ್ಲಿ ಎತ್ತುಗಳಿಗೆ ನೀರು ಕುಡಿಸಿದರು, ಯಾವ ಮರದ ಕೆಳಗೆ ಬುತ್ತಿ ಬಿಚ್ಚಿದರು ಎಂಬುದನ್ನು ಅವರಿಂದ ಕೇಳಿ ಈಗಲೇ ಬರೆದಿಟ್ಟುಕೊಳ್ಳಿರಿ.